ಕಿನ್ನಾಳ ಗೊಂಬೆಗಳ ಜಾಲತಾಣ: ಫ್ಲಾಸ್ಕ್ ಮತ್ತು ಜಾಂಗೋ, ಎರಡನ್ನೂ ಬಳಸಿ ನೋಡಿದ ಮೇಲೆ

ಕೊಪ್ಪಳದಲ್ಲಿರುವ ನಮ್ಮ ಮನೆಯವರ ಅಂಗಡಿಯಲ್ಲಿ ಕಿನ್ನಾಳದ ಗೊಂಬೆಗಳನ್ನು ಮಾರುತ್ತೇವೆ. ಅದಕ್ಕೊಂದು ಜಾಲತಾಣ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ಫ್ಲಾಸ್ಕ್, ಅನಂತರ ಜಾಂಗೋ ಎಂಬ ಎರಡು ಮುಕ್ತ ಫ್ರೇಮ್‌ವರ್ಕ್‌ಗಳಲ್ಲಿ (ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಾಣ ಕಟ್ಟಲು ನೆರವಾಗುವ ಸಿದ್ಧ ಚೌಕಟ್ಟುಗಳು) ಅದೇ ತಾಣವನ್ನು ಕಟ್ಟಿ ನೋಡಿದೆ. ಈಗ ನಡೆಯುತ್ತಿರುವುದು ಜಾಂಗೋದ ತಾಣ, ಮತ್ತು ಅದನ್ನು ಬದಲಿಸುವ ಇಚ್ಛೆ ನನಗಿಲ್ಲ. ಆದರೂ ಕನ್ನಡದಲ್ಲಿ ತಾಣ ಕಟ್ಟುವವರು ಜಾಂಗೋದಲ್ಲಿ ಎದುರಿಸಬೇಕಾದ ಒಂದು ತೊಡಕನ್ನು ವಿವರವಾಗಿ ಹೇಳುವುದು ಅಗತ್ಯವೆಂದು ಇದನ್ನು ಬರೆಯುತ್ತಿದ್ದೇನೆ.

2010ರಲ್ಲಿ ಬಂದ ಫ್ಲಾಸ್ಕ್ ಕಲಿಯುವವರಿಗೆ ಒಳ್ಳೆಯ ಗುರು. ಒಂದೇ ಕಡತದಲ್ಲಿ ಕೆಲವು ಸಾಲು ಬರೆದರೆ ಪುಟವೊಂದು ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ, ಯಾವ ವಿಳಾಸಕ್ಕೆ ಯಾವ ಫಂಕ್ಷನ್ ಉತ್ತರ ಕೊಡುತ್ತಿದೆ ಎಂಬುದು ಕಣ್ಣೆದುರೇ ಇರುತ್ತದೆ. ಆದರೆ ಡೇಟಾಬೇಸ್, ಲಾಗಿನ್, ಫಾರ್ಮ್ ಇವೆಲ್ಲಕ್ಕೂ ಬೇರೆಬೇರೆಯವರು ಬರೆದ ಪೂರಕಗಳನ್ನು ಹುಡುಕಿ ಜೋಡಿಸಬೇಕು. ಗಿರಾಕಿಗಳು ಗೊಂಬೆಯ ಎತ್ತರ ಕೇಳುತ್ತಾರೆಂದು ನಮ್ಮ ಮಾಮಾ ಹೇಳಿದಾಗ, ಆಗಲೇ ಮಾಹಿತಿ ತುಂಬಿದ್ದ ಕೋಷ್ಟಕಕ್ಕೆ ‘ಎತ್ತರ’ ಎಂಬ ಒಂದು ಕಾಲಂ ಸೇರಿಸುವುದಕ್ಕೂ ಮತ್ತೊಂದು ಪೂರಕವನ್ನು ಕಲಿಯಬೇಕಾಯಿತು. ಜಾಂಗೋದಲ್ಲಿ ಅದೇ ಕೆಲಸ ಜೊತೆಗೇ ಬರುವ ಎರಡು ಆದೇಶಗಳಲ್ಲಿ ಮುಗಿಯಿತು.

ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಮಾತ್ರ, ತಾಣದ ಮಾಹಿತಿಯನ್ನು ಸೇರಿಸಲು, ತಿದ್ದಲು ಜಾಂಗೋದ ಜೊತೆಗೇ ಬರುವ ಅಡ್ಮಿನ್ ಪುಟ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ ಹುಟ್ಟಿ 2005ರಲ್ಲಿ ಎಲ್ಲರಿಗೂ ಮುಕ್ತವಾದ ಈ ಫ್ರೇಮ್‌ವರ್ಕ್‌ಗೆ, ಪ್ರೋಗ್ರಾಂ ಬರೆಯದವರೂ ದಿನನಿತ್ಯ ಮಾಹಿತಿ ತುಂಬಬೇಕೆಂಬ ಅರಿವು ಮೊದಲಿನಿಂದಲೂ ಇದೆ. ನಮ್ಮಲ್ಲಿ ಗೊಂಬೆಗಳ ಫೋಟೊ, ಬೆಲೆ, ವಿವರಗಳನ್ನು ಹಾಕುವವರು ನಮ್ಮ ವೈನಿ. ಅವರು ಅಂಗಡಿಯಲ್ಲಿ ಕುಳಿತು ಮೊಬೈಲಿನಿಂದಲೇ ಹೊಸ ಗೊಂಬೆ ಸೇರಿಸುತ್ತಾರೆ, ಮಾರಾಟವಾದದ್ದನ್ನು ತೆಗೆಯುತ್ತಾರೆ. ಅದಕ್ಕಾಗಿ ನಾನು ಒಂದು ಪುಟವನ್ನೂ ಪ್ರತ್ಯೇಕವಾಗಿ ವಿನ್ಯಾಸ ಮಾಡಲಿಲ್ಲ. ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಅಡ್ಮಿನ್ ಪುಟದ ಹಲವು ಪದಗಳು ಕನ್ನಡದಲ್ಲೇ ಬರುತ್ತವೆ. ಎಲ್ಲಕ್ಕೂ ಅನುವಾದ ಇನ್ನೂ ಆಗಿಲ್ಲ, ಆದರೆ ‘ಬೆಲೆ’, ‘ಎತ್ತರ’ ಮುಂತಾದ ನಮ್ಮದೇ ಹೆಸರುಗಳನ್ನು ಕೊಡಲು ಯಾವ ಅಡ್ಡಿಯೂ ಇಲ್ಲ.

ಇನ್ನು ಆ ತೊಡಕು. ಪ್ರತಿ ಗೊಂಬೆಗೂ ತನ್ನದೇ ಪುಟ, ಆ ಪುಟದ ವಿಳಾಸದಲ್ಲಿ ಗೊಂಬೆಯ ಹೆಸರು ಇರಬೇಕೆಂಬುದು ನನ್ನ ಆಸೆ. ಹೆಸರನ್ನು ವಿಳಾಸಕ್ಕೆ ಹೊಂದುವಂತೆ ಮಾಡುವ ತುಣುಕಿಗೆ ‘ಸ್ಲಗ್’ ಎನ್ನುತ್ತಾರೆ, ಅದನ್ನು ತಯಾರಿಸಲು ಜಾಂಗೋದಲ್ಲಿ ‘ಸ್ಲಗಿಫೈ’ ಎಂಬ ಫಂಕ್ಷನ್ ಇದೆ. ಅದಕ್ಕೆ ಕನ್ನಡದ ಹೆಸರು ಕೊಟ್ಟರೆ ಇಂಗ್ಲಿಷ್ ಅಕ್ಷರಗಳಲ್ಲದ ಎಲ್ಲವನ್ನೂ ಅಳಿಸಿ ಖಾಲಿ ಉತ್ತರ ಕೊಡುತ್ತದೆ, ಆ ಖಾಲಿ ಸ್ಲಗ್‌ನಿಂದ ಕೊಂಡಿ ರಚಿಸಲು ಹೊರಟರೆ ಪುಟವೇ ದೋಷ ತೋರಿಸಿ ನಿಲ್ಲುತ್ತದೆ.

ಸ್ಲಗಿಫೈನಲ್ಲಿ ಯೂನಿಕೋಡ್‌ಗೆ, ಅಂದರೆ ಕನ್ನಡವೂ ಸೇರಿದಂತೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ, ಅನುಮತಿ ಕೊಡುವ ಆಯ್ಕೆಯೊಂದಿದೆ, ಅದನ್ನು ಹಾಕಿದರೆ ಸರಿಹೋಗುತ್ತದೆಂದು ಯಾರಿಗಾದರೂ ಅನಿಸುತ್ತದೆ. ಹಾಕಿದ ಮೇಲೆ ‘ಕಿನ್ನಾಳ ಗೊಂಬೆ’ ಎಂಬುದು ‘ಕನನಳ-ಗಬ’ ಆಯಿತು. ಗುಣಿತ, ಒತ್ತು, ಅನುಸ್ವಾರ ಎಲ್ಲವೂ ಹೋಗಿ ಬರಿಯ ಮೂಲಾಕ್ಷರಗಳಷ್ಟೇ ಉಳಿದವು. ‘ಗಿಳಿ’ಯೂ ‘ಗಳ’, ‘ಗೂಳಿ’ಯೂ ‘ಗಳ’. ಎರಡು ಬೇರೆ ಗೊಂಬೆಗಳಿಗೆ ಒಂದೇ ವಿಳಾಸ! ಕಾರಣ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿದೆ, ಅಂದರೆ ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಸಾಧನದಲ್ಲಿದೆ. ಯೂನಿಕೋಡ್ ನಮ್ಮ ಸ್ವರಚಿಹ್ನೆಗಳನ್ನು ‘ಅಕ್ಷರ’ಗಳ ಗುಂಪಿನಲ್ಲಿಡದೆ ‘ಚಿಹ್ನೆ’ಗಳ ಗುಂಪಿನಲ್ಲಿ ಇರಿಸಿದೆ, ಪೈಥಾನ್ ಪದದ ಭಾಗವೆಂದು ಒಪ್ಪುವುದು ಅಕ್ಷರ, ಅಂಕಿ ಮತ್ತು ಅಡಿಗೆರೆಗಳನ್ನು ಮಾತ್ರ. ದೇವನಾಗರಿಗೂ ಇದೇ ಗತಿ. ಗುಣಿತವಿಲ್ಲದ ಕನ್ನಡ ಕನ್ನಡವೇ ಅಲ್ಲ, ಆದ್ದರಿಂದ ಇದನ್ನು ಸಣ್ಣ ಕೊರತೆಯೆಂದು ತಳ್ಳಿಹಾಕಲು ನನ್ನಿಂದಾಗದು.

ಪರಿಹಾರ ಮೂರು ಕಡೆ ಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳನ್ನೂ ಉಳಿಸಿಕೊಳ್ಳುವ ಚಿಕ್ಕ ಫಂಕ್ಷನ್ ನಾವೇ ಬರೆಯಬೇಕು. ಮಾಡೆಲ್‌ನಲ್ಲಿ (ಕೋಷ್ಟಕದ ಕಾಲಂಗಳನ್ನು ವಿವರಿಸುವ ಭಾಗ) ಸ್ಲಗ್‌ಗೆಂದೇ ಇರುವ ‘ಸ್ಲಗ್‌ಫೀಲ್ಡ್’ ಬದಲು ಸಾಮಾನ್ಯ ಪಠ್ಯದ ‘ಕ್ಯಾರ್‌ಫೀಲ್ಡ್’ ಇಡಬೇಕು, ಏಕೆಂದರೆ ಸ್ಲಗ್‌ಫೀಲ್ಡ್‌ನ ತಪಾಸಣೆಯೂ ಅದೇ ನಿಯಮವನ್ನು ನೆಚ್ಚಿಕೊಂಡು ಸರಿಯಾದ ಕನ್ನಡವನ್ನೇ ತಿರಸ್ಕರಿಸುತ್ತದೆ. ವಿಳಾಸದ ಮಾದರಿಯಲ್ಲಿ ‘ಸ್ಲಗ್’ ಎಂದಿರುವಲ್ಲಿ ‘ಎಸ್‌ಟಿಆರ್’ (ಸಾಮಾನ್ಯ ಪಠ್ಯ) ಎಂದು ಬರೆಯಬೇಕು. ಮೂರನ್ನೂ ಮಾಡಿದ ಮೇಲೆ ಗಿಳಿ ಗಿಳಿಯಾಗಿಯೇ, ಗೂಳಿ ಗೂಳಿಯಾಗಿಯೇ ತೆರೆಯುತ್ತವೆ. ಫ್ಲಾಸ್ಕ್‌ನಲ್ಲಿ ಸ್ಲಗ್ ತಯಾರಿಸುವ ಸಾಧನವೇ ಇಲ್ಲ. ವಿಳಾಸದಲ್ಲಿ ಕನ್ನಡ ಹೆಸರು ಬಂದರೆ ಅದು ಹಾಗೆಯೇ ಒಪ್ಪಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಫ್ಲಾಸ್ಕ್ ಮೇಲು.

ಕನ್ನಡ ವಿಳಾಸವನ್ನು ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿದಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಕಾಣುವುದುಂಟು. ‘ಗಿಳಿ’ ಎಂಬ ಒಂದು ಪದವೇ 36 ಚಿಹ್ನೆಗಳಾಗುತ್ತದೆ. ಇದು ಎರಡಕ್ಕೂ ಸಮಾನ.

ತಾಣವನ್ನು ಸರ್ವರ್‌ಗೆ ಏರಿಸಿ ಡೀಬಗ್ ಸ್ಥಿತಿಯನ್ನು (ಕಟ್ಟುವಾಗ ದೋಷ ಹುಡುಕಲು ಬಳಸುವ ಸ್ಥಿತಿ) ನಿಲ್ಲಿಸಿದ ಕೂಡಲೇ ಜಾಂಗೋದಲ್ಲಿ ಬಣ್ಣ, ವಿನ್ಯಾಸಗಳು ಮಾಯವಾಗುತ್ತವೆ. ‘ವೈಟ್‌ನಾಯ್ಸ್’ ಎಂಬ ಪೂರಕ ಹಾಕಿ ಬಣ್ಣ, ವಿನ್ಯಾಸಗಳಿರುವ ಸ್ಥಿರ ಕಡತಗಳನ್ನು ಒಂದೆಡೆ ಸೇರಿಸಿದರೆ ಸಾಕು.

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಅದರ ಫ್ರೇಮ್‌ವರ್ಕ್ ಆದ ಲಾರಾವೆಲ್ ಕಡೆ ಹೋಗುವುದೇ ಸರಿ, ಪಿಎಚ್‌ಪಿಗೆ ಕಡಿಮೆ ದರದ ಹಂಚಿಕೆಯ ಹೋಸ್ಟಿಂಗ್ (ಒಂದೇ ಸರ್ವರ್ ಅನ್ನು ಹಲವು ತಾಣಗಳು ಹಂಚಿಕೊಳ್ಳುವ ವ್ಯವಸ್ಥೆ) ಸುಲಭವಾಗಿ ಸಿಗುತ್ತದೆ. ಕಾಲೇಜಿನಲ್ಲಿ ಕಲಿತ ಪೈಥಾನ್ ನನ್ನ ಕೈಗೆ ಹತ್ತಿರವಾದ್ದರಿಂದ ಸಣ್ಣ ಸರ್ವರ್‌ನ ತಿಂಗಳ ಬಾಡಿಗೆ ಕೊಡಲು ಒಪ್ಪಿಕೊಂಡೆ.

ಒಮ್ಮೆ ಕಟ್ಟಿದ ಮೇಲೆ ಪದೇಪದೇ ಮುಟ್ಟಲು ನನಗೆ ಬಿಡುವಿಲ್ಲ. 2025ರ ಏಪ್ರಿಲ್‌ನಲ್ಲಿ ಬಂದ ಜಾಂಗೋ 5.2ಕ್ಕೆ ಮೂರು ವರ್ಷ ಭದ್ರತಾ ತಿದ್ದುಪಡಿಗಳ ಭರವಸೆಯಿದೆ, ಫ್ಲಾಸ್ಕ್‌ನಲ್ಲಾದರೆ ಪ್ರತಿ ಪೂರಕದ ಮೇಲೂ ಪ್ರತ್ಯೇಕವಾಗಿ ಕಣ್ಣಿಡಬೇಕು. ಡೇಟಾಬೇಸ್ ಮಾತ್ರ ಎರಡರಲ್ಲೂ ಎಸ್‌ಕ್ಯುಲೈಟ್ ಆಗಿತ್ತು. ನಮ್ಮಷ್ಟು ಚಿಕ್ಕ ಅಂಗಡಿಗೆ ಅದು ಧಾರಾಳವಾಗಿ ಸಾಕು, ಮತ್ತು ಎಲ್ಲ ಮಾಹಿತಿಯೂ ಒಂದೇ ಕಡತದಲ್ಲಿರುವುದರಿಂದ ತಾಣ ಸ್ತಬ್ಧವಾಗಿರುವಾಗ ಅದರ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಬ್ಯಾಕಪ್ ಆಯಿತು.