ಮಲ್ಪೆಯ ದ್ವೀಪವೋ, ಹೊನ್ನಾವರದ ಕಾಂಡ್ಲಾ ಕಾಡೋ?

ಕರಾವಳಿಗೆ ಒಂದೇ ದಿನ ಬಿಡುವಿದ್ದು, ಜೊತೆಯಲ್ಲಿ ವಯಸ್ಸಾದವರೂ ಮಕ್ಕಳೂ ಇದ್ದರೆ ನೇರವಾಗಿ ಹೊನ್ನಾವರಕ್ಕೆ ಹೋಗಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಬೈಂದೂರಿನ ಒತ್ತಿನೆಣೆ, ಗೋಕರ್ಣದ ಗುಡ್ಡದ ಹಾದಿ ಎಲ್ಲವನ್ನೂ ಸುತ್ತಿ ಬಂದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಚೆಲುವಿನಲ್ಲಿ ಯಾವುದೂ ಕಡಿಮೆಯಿಲ್ಲ. ಆದರೆ ಮಂಡಿನೋವಿನ ಅಮ್ಮ, ಏಡಿ ಕಂಡಲ್ಲೆಲ್ಲ ಕುಕ್ಕರುಗಾಲಲ್ಲಿ ಕೂತುಬಿಡುವ ಮಗಳು, ಇಬ್ಬರಿಗೂ ಒಟ್ಟಿಗೆ ಒಗ್ಗಿದ್ದು ಹೊನ್ನಾವರ ಮಾತ್ರ.

ಮೊದಲು ದ್ವೀಪದ ವಿಷಯ. ಕರಾವಳಿಗೆ ಹೊರಟಿದ್ದೇವೆ ಎಂದರೆ ಹತ್ತರಲ್ಲಿ ಎಂಟು ಮಂದಿ ಸೂಚಿಸುವ ಜಾಗ ಅದು, ಅದಕ್ಕೆ ಕಾರಣವೂ ಇದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತಾ ಕುಗ್ಗಿ, ಬಿರುಕುಬಿಟ್ಟು, ಐದಾರು ಮೂಲೆಗಳ ಕಲ್ಲುಕಂಬಗಳಾಗಿ ನಿಂತಿದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಂಬಗಳ ತಲೆಗಳು ಅಲೆಗಳ ನಡುವೆ ಸಾಲುಸಾಲಾಗಿ ಎದ್ದಿರುವುದನ್ನು ನೋಡುವಾಗ ಕಣ್ಣು ತಣಿಯುವುದಿಲ್ಲ. ಉಡುಪಿಯಿಂದ ಮಲ್ಪೆಗೆ ಬಸ್ಸುಗಳಿಗೂ ಕೊರತೆಯಿಲ್ಲ. ದಡದವರೆಗಿನ ಪ್ರಯಾಣ ನಾನು ಹೇಳುವ ಎಲ್ಲ ಜಾಗಗಳಿಗಿಂತ ಸುಲಭ.

ತೊಂದರೆಯೆಲ್ಲ ದೋಣಿಯದು. ಟಿಕೆಟ್ ಕೊಂಡ ಕೂಡಲೇ ದೋಣಿ ಹೊರಡುವುದಿಲ್ಲ, ಸಾಕಷ್ಟು ಜನ ತುಂಬಬೇಕು. ರಜೆಯ ದಿನ ಐದೇ ನಿಮಿಷದಲ್ಲಿ ತುಂಬೀತು. ನಾವು ಹೋದದ್ದು ವಾರದ ನಡುವೆ, ನೂಕುನುಗ್ಗಲು ಬೇಡವೆಂದೇ ಆರಿಸಿಕೊಂಡ ದಿನ. ಜನ ಕಡಿಮೆ ಇದ್ದಷ್ಟೂ ಕಾಯುವುದು ಹೆಚ್ಚಾಯಿತು. ದೋಣಿ ಯಾವಾಗ ಹೊರಡುತ್ತದೆ ಎಂದು ಕೇಳಿದರೆ "ಈಗ, ಈಗ" ಎಂಬ ಉತ್ತರ. ಅಷ್ಟರಲ್ಲಿ ಬಿಸಿಲು ನೆತ್ತಿಗೇರಿತು. ಕಾಯಬೇಕಾದೀತು ಎಂದು ಟಿಕೆಟ್ ಕೊಡುವಾಗಲೇ ಹೇಳಿದ್ದರೆ ಅಮ್ಮನನ್ನು ಎಲ್ಲಾದರೂ ನೆರಳಿನಲ್ಲಿ ಕೂರಿಸುತ್ತಿದ್ದೆ.

ಅದನ್ನಾದರೂ ಸಹಿಸಬಹುದು. ದ್ವೀಪದ ಹತ್ತಿರ ಬಂದಾಗ ದೊಡ್ಡ ದೋಣಿ ದಡಕ್ಕೆ ಹೋಗದೆ ನಿಂತಿತು. ಅಲ್ಲಿಂದ ಸಣ್ಣ ದೋಣಿಗೆ ದಾಟಬೇಕು. ಒಂದು ದೋಣಿ ಏಳುವಾಗ ಇನ್ನೊಂದು ಇಳಿಯುತ್ತದೆ. ನಡುವಿನ ಸಂದು ಒಮ್ಮೆ ಒಂದು ಗೇಣು, ಮರುಕ್ಷಣ ಒಂದು ಮೊಳ. ಹುಡುಗರು ನಗುನಗುತ್ತಾ ಹಾರಿದರು. ಅಮ್ಮ ನನ್ನ ತೋಳನ್ನು ಹಿಡಿದ ಹಿಡಿತದಲ್ಲೇ ಅವರ ಭಯ ನನಗೆ ತಿಳಿಯಿತು. ದೋಣಿಯ ಹುಡುಗರು ಒಳ್ಳೆಯವರು, ಇಬ್ಬರು ಎರಡೂ ಬದಿಯಲ್ಲಿ ಹಿಡಿದು "ಹೆದರಬೇಡಿ ಅಮ್ಮಾ" ಎನ್ನುತ್ತಾ ದಾಟಿಸಿದರು. ಆದರೆ ಮಂಡಿ ಮಡಚಲಾಗದ ಎಪ್ಪತ್ತರ ಹೆಂಗಸಿಗೆ ಇದು ತಕ್ಕ ಏರ್ಪಾಡಲ್ಲ. ದ್ವೀಪದಲ್ಲಿ ಕಳೆದ ಹೊತ್ತಿನಲ್ಲೆಲ್ಲ ಅವರು ತೆಂಗಿನಮರದ ಕೆಳಗೆ ಕೂತು ಮರಳಿ ದಾಟುವುದು ಹೇಗೆಂದೇ ಯೋಚಿಸುತ್ತಿದ್ದರು. ಕಲ್ಲುಗಳ ಹತ್ತಿರ ಬನ್ನಿ ಎಂದರೆ "ನೀವು ನೋಡಿ ಬನ್ನಿ, ನಾನು ಚೀಲ ಕಾಯುತ್ತೇನೆ" ಎಂದುಬಿಟ್ಟರು. ಮಗಳಿಗೂ ಅಲ್ಲಿ ಓಡಾಡಲು ಬಿಡುವಂತಿರಲಿಲ್ಲ. ಕಲ್ಲಿಗೆ ಕಚ್ಚಿಕೊಂಡ ಚಿಪ್ಪುಗಳ ಅಂಚು ಬರಿಗಾಲನ್ನು ಕೊಯ್ಯುತ್ತದೆ, ಒದ್ದೆ ಕಲ್ಲು ಜಾರುತ್ತದೆ. ಇಷ್ಟಾಗುವಾಗ ಹಿಂದಿರುಗುವ ದೋಣಿಯ ಕರೆ ಬಂತು.

ಗಟ್ಟಿ ಕಾಲಿನವರು ಖಂಡಿತ ಹೋಗಿ. ವಯಸ್ಸಾದವರು ಜೊತೆಯಲ್ಲಿದ್ದರೆ ಮಲ್ಪೆಯ ಸೀ ವಾಕ್, ಅಂದರೆ ಕಡಲಿನತ್ತ ಚಾಚಿದ ಕಾಲುದಾರಿಯ ಮೇಲೆ ಸಂಜೆ ಕೂರುವುದು ಎಷ್ಟೋ ಮೇಲು.

ಹೊನ್ನಾವರದಲ್ಲಿ ನೀರಿನ ಮೇಲೆ ನಡೆಯುವ ಅನುಭವ ದೋಣಿಯಿಲ್ಲದೆಯೇ ಸಿಗುತ್ತದೆ. ಶರಾವತಿ ಕಡಲು ಸೇರುವ ಕಡೆ ಬೆಳೆದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಗಳ ಕಾಲುದಾರಿ ಇದೆ. ಎರಡೂ ಬದಿಗೆ ಹಿಡಿದುಕೊಳ್ಳಲು ಕಂಬಿ, ಸಮತಟ್ಟಾದ ನಡಿಗೆ. ಜೋಗದಲ್ಲಿ 253 ಮೀಟರ್ ಎತ್ತರದಿಂದ ಧುಮುಕಿದ ನದಿ ಇಲ್ಲಿ ಸದ್ದೇ ಇಲ್ಲದೆ ಬೇರುಗಳ ನಡುವೆ ಹರಡಿಕೊಂಡಿದೆ. ಅಮ್ಮ ಕಂಬಿ ಹಿಡಿದು ತಮ್ಮದೇ ವೇಗದಲ್ಲಿ ನಡೆದರು, ನಿಂತರು, ಮತ್ತೆ ನಡೆದರು. "ಬೇಗ ಬನ್ನಿ" ಎನ್ನುವವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಗುಟ್ಟಿದೆ: ನೀರು ಇಳಿದ ಹೊತ್ತಿಗೆ ಹೋಗಬೇಕು. ಭರತವಿದ್ದಾಗ, ಅಂದರೆ ನೀರು ಏರಿದ್ದಾಗ, ಕಾಣುವುದು ಹಸಿರು ಎಲೆ ಮತ್ತು ಕದಡಿದ ನೀರು ಅಷ್ಟೇ. ಇಳಿತದಲ್ಲಿ ಕೆಸರು ಬಯಲಾಗುತ್ತದೆ. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಕೆಲವು ಮರಗಳು ಬೇರಿನ ತುದಿಗಳನ್ನು ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಇನ್ನು ಕೆಲವು ಕಾಂಡದಿಂದಲೇ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಂತಿವೆ. ಅವುಗಳ ಬುಡದಲ್ಲೇ ಒಂದು ಇಕ್ಕಳ ಮಾತ್ರ ದೊಡ್ಡದಾಗಿರುವ ಸಣ್ಣ ಏಡಿಗಳ ಓಡಾಟ. ಮಗಳನ್ನು ಅಲ್ಲಿಂದ ಎಬ್ಬಿಸಲು ಸಾಕುಬೇಕಾಯಿತು. ಭರತ ಇಳಿತಗಳ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹೊರಡುವ ಹಿಂದಿನ ದಿನ ಮೀನುಗಾರರನ್ನೋ ದಡದ ಮನೆಯವರನ್ನೋ ವಿಚಾರಿಸಿದರೆ ಮಾರನೆಯ ದಿನದ ಲೆಕ್ಕ ಸಿಗುತ್ತದೆ.

ಕಾಲುದಾರಿ ಮುಗಿಸಿದ ಮೇಲೆ ಕಾಸರಕೋಡಿನ ಕಡಲತೀರ. 2020ರಲ್ಲಿ ದೇಶದ ಎಂಟು ತೀರಗಳಿಗೆ ಮೊದಲ ಬಾರಿಗೆ ಬ್ಲೂ ಫ್ಲ್ಯಾಗ್ (ಚೊಕ್ಕಟ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ) ಮಾನ್ಯತೆ ಬಂದಾಗ ಅದರಲ್ಲಿ ಇದೂ ಒಂದು. ನಮ್ಮ ರಾಜ್ಯದ ಇನ್ನೊಂದು ಪಡುಬಿದ್ರಿ. ಒಟ್ಟು 33 ಮಾನದಂಡಗಳಿವೆಯಂತೆ. ನನಗೆ ಮುಖ್ಯವಾದವು ಎರಡೇ: ಚೊಕ್ಕಟವಾದ ಶೌಚಾಲಯ ಮತ್ತು ಕಾವಲು ಇರುವ ಸ್ನಾನದ ಜಾಗ. ಕರಾವಳಿಯಲ್ಲಿ ಅಮ್ಮ ನೀರು ಕುಡಿಯಲು ಹಿಂಜರಿಯುವುದು ಏಕೆ ಎಂದು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅವರು ಸಂಕೋಚವಿಲ್ಲದೆ ಎಳನೀರು ಕುಡಿದರು. ಗಾಳಿಮರಗಳ ನೆರಳಿದೆ, ಮಕ್ಕಳಿಗೆ ಆಟದ ಜಾಗವಿದೆ. ಪಕ್ಕದ ಟೊಂಕಾ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಹಾಗಾಗಿ ಆ ದಿನಗಳಲ್ಲಿ ರಾತ್ರಿ ಟಾರ್ಚ್ ಹಿಡಿದು ಮರಳಿನಲ್ಲಿ ಅಲೆಯಬೇಡಿ.

ಕಾಸರಕೋಡಿನಲ್ಲಿ ಬೇಸರ ತಂದದ್ದು ಭಾನುವಾರದ ಗದ್ದಲ. ಅಷ್ಟೇ.

ಒತ್ತಿನೆಣೆಗೆ ಎರಡನೆಯ ಸ್ಥಾನ. ಗುಡ್ಡದ ಮೇಲಿಂದ ಸೋಮೇಶ್ವರ ತೀರವನ್ನೂ ಬೈಂದೂರು ಹೊಳೆ ಕಡಲು ಸೇರುವುದನ್ನೂ ಒಂದೇ ನೋಟದಲ್ಲಿ ಕಾಣಬಹುದು. ಸ್ವಂತ ವಾಹನವಿದ್ದರೆ ಸಂಜೆಗೆ ಇದಕ್ಕಿಂತ ಒಳ್ಳೆಯ ಜಾಗ ಈ ಭಾಗದಲ್ಲಿಲ್ಲ ಎಂದೇ ನನ್ನ ಅಭಿಪ್ರಾಯ. ನಾವು ರೈಲು, ಬಸ್ಸು ನಂಬಿದವರು. ಕತ್ತಲಾದ ಮೇಲೆ ಗುಡ್ಡ ಇಳಿದು ಬರಲು ಆಟೋ ಕಾಯಿಸಿಕೊಳ್ಳಬೇಕಾಗುತ್ತದೆ. ದಾರಿಯಲ್ಲೇ ಸಿಗುವ ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ನೋಡಲು ಸೊಗಸು, ಮಗುವಿನ ಕೈ ಬಿಡಲು ಧೈರ್ಯ ಸಾಲದು.

ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ತೀರಕ್ಕೆ, ಅಲ್ಲಿಂದ ಅರ್ಧಚಂದ್ರ ತೀರಕ್ಕೆ ಗುಡ್ಡದಂಚಿನ ಹಾದಿ ಹಿಡಿದು ನಡೆಯುವ ಸುಖ ಬೇರೆಲ್ಲೂ ಇಲ್ಲ. ಅದು ಗೆಳತಿಯರ ಜೊತೆ ಹೋಗುವ ಜಾಗ. ಬೆಳಿಗ್ಗೆ ಬೇಗ ಹೊರಡಿ, ನೀರು ಹೆಚ್ಚೇ ಹೊತ್ತುಕೊಳ್ಳಿ.

ಖರ್ಚಿನ ಲೆಕ್ಕದಲ್ಲೂ ಹೊನ್ನಾವರವೇ ನಮಗೆ ಸರಿಹೊಂದಿತು. ಅಲ್ಲಿನ ಪ್ರವೇಶ ಶುಲ್ಕಗಳನ್ನೆಲ್ಲ ಕೂಡಿಸಿದರೂ ದ್ವೀಪದ ದೋಣಿಗೆ ತೆತ್ತದ್ದಕ್ಕಿಂತ ಕಡಿಮೆಯಾಯಿತು. ಉಳಿದ ಹಣದಲ್ಲಿ ಅಪ್ಸರಕೊಂಡಕ್ಕೆ ಆಟೋ ಮಾಡಿಕೊಂಡು ಹೋದೆವು. ಗುಡ್ಡದ ಮೇಲಿನ ಉದ್ಯಾನದಿಂದ ಕಡಲು ಕಾಣುತ್ತದೆ, ಮೆಟ್ಟಿಲು ಇಳಿದರೆ ಜಲಪಾತ. ಮಳೆಗಾಲದಲ್ಲಿ ಮಲ್ಪೆಯ ದೋಣಿಗಳು ನಿಂತು, ಕಡಲಿಗೆ ಇಳಿಯುವಂತಿಲ್ಲದಿದ್ದಾಗ ಇದು ಮೈದುಂಬಿರುತ್ತದೆ. ಮೆಟ್ಟಿಲುಗಳು ಆಗ ಪಾಚಿಗಟ್ಟುತ್ತವೆ, ಆದ್ದರಿಂದ ಆ ಕಾಲದಲ್ಲಿ ಹಿರಿಯರನ್ನು ಮೇಲಿನ ಉದ್ಯಾನದಲ್ಲೇ ಕೂರಿಸಿ, ಮಕ್ಕಳನ್ನು ಕೈಹಿಡಿದೇ ಕೆಳಗೆ ಕರೆದೊಯ್ಯಿರಿ.