ಮನೆಗೊಂದು ಅಳತೆ: ಸೇವೆಯ ಗುಣಮಟ್ಟ ಅಳೆಯುವ ಮೂರು ವಿಧಾನಗಳ ಹೋಲಿಕೆ

ಮಂಗಳೂರಿನ ಕದ್ರಿಯಲ್ಲಿ ಒಳಾಂಗಣ ವಿನ್ಯಾಸದ ಸಣ್ಣ ಸಂಸ್ಥೆ ನಡೆಸುತ್ತಿದ್ದೇನೆ. ಬಿಜೈಯ ಫ್ಲ್ಯಾಟಿನವರಿಗೆ ಅಡುಗೆಮನೆಯಲ್ಲಿ ಸಾಮಾನಿಡುವ ಜಾಗ ಮುಖ್ಯವಾದರೆ, ದುಬೈಯಲ್ಲಿದ್ದುಕೊಂಡು ಉಡುಪಿಯಲ್ಲಿ ಮನೆ ಕಟ್ಟಿಸುವವರಿಗೆ ವಾರವಾರದ ಫೋಟೊ ಮತ್ತು ಗೃಹಪ್ರವೇಶದ ದಿನಾಂಕ ಮುಖ್ಯ. ಇಬ್ಬರಿಗೂ ಒಂದೇ ಅಳತೆಗೋಲು ಸಾಕೇ ಎಂದು ತಿಳಿಯಲು ಮೂರು ವಿಧಾನಗಳನ್ನು ಪ್ರಯೋಗಿಸಿ ನೋಡಿದೆ.

ಮೊದಲನೆಯದು ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಮಂಡಿಸಿದ ನೆಟ್ ಪ್ರಮೋಟರ್ ಸ್ಕೋರ್. ‘ನಮ್ಮನ್ನು ಪರಿಚಿತರಿಗೆ ಶಿಫಾರಸು ಮಾಡುವಿರಾ?’ ಎಂಬ ಪ್ರಶ್ನೆಗೆ 0ಯಿಂದ 10ರವರೆಗೆ ಅಂಕ ಪಡೆದು, 9–10 ಕೊಟ್ಟವರ ಶೇಕಡಾವಾರಿನಿಂದ 0–6 ಕೊಟ್ಟವರ ಶೇಕಡಾವಾರನ್ನು ಕಳೆಯಬೇಕು. ಕೆಲಸವೇನೋ ಸುಲಭ. ಆದರೆ ಹತ್ತೇ ಗ್ರಾಹಕರಿರುವಾಗ ಒಬ್ಬರು 9ರ ಬದಲು 6 ಎಂದರೂ ಅಂಕ ಒಮ್ಮೆಲೇ 20ರಷ್ಟು ಕುಸಿಯುತ್ತದೆ. ಅದಲ್ಲದೆ, ನಾನೇ ಫೋನ್ ಮಾಡಿ ಕೇಳಿದಾಗ ದಾಕ್ಷಿಣ್ಯಕ್ಕೆ 10 ಕೊಟ್ಟವರು, ಅಟ್ಟದ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂಬ ಮಾತನ್ನು ಮೇಸ್ತ್ರಿಯ ಬಳಿ ಹೇಳಿದ್ದರು.

ಎರಡನೆಯದು ಪರಶುರಾಮನ್, ಝೈತಮಲ್ ಮತ್ತು ಬೆರ್ರಿ 1988ರಲ್ಲಿ ರೂಪಿಸಿದ ಸರ್ವ್‌ಕ್ವಾಲ್. ಕಣ್ಣಿಗೆ ಕಾಣುವ ಸೌಕರ್ಯ, ವಿಶ್ವಾಸಾರ್ಹತೆ, ಸ್ಪಂದನೆ, ಭರವಸೆ, ಸಹಾನುಭೂತಿ ಎಂಬ ಐದು ಮುಖಗಳ 22 ಹೇಳಿಕೆಗಳನ್ನು ನಿರೀಕ್ಷೆಗೊಮ್ಮೆ, ಅನುಭವಕ್ಕೊಮ್ಮೆ ಕೇಳಿ, ಅವೆರಡರ ಅಂತರವನ್ನು ಅಳೆಯುವ ಕ್ರಮವಿದು. ನಮ್ಮ ದೊಡ್ಡ ಕೊರತೆ ಮರಗೆಲಸದಲ್ಲಿಲ್ಲ, ಕರೆಗೆ ಉತ್ತರಿಸುವ ವಿಳಂಬದಲ್ಲಿದೆ ಎಂಬುದನ್ನು ತೋರಿಸಿಕೊಟ್ಟದ್ದು ಇದೇ; ಆ ಉಪಕಾರವನ್ನು ಮರೆಯಲಾರೆ. ಆದರೆ ನಕ್ಷೆ ಮೂರು ಬಾರಿ ಬದಲಾಗುವ ಕೆಲಸದಲ್ಲಿ ಗ್ರಾಹಕರ ನಿರೀಕ್ಷೆಯೂ ಬದಲಾಗುತ್ತದೆ, ಆರಂಭದಲ್ಲಿ ತುಂಬಿದ ಪ್ರಶ್ನಾವಳಿ ಕೊನೆಗೆ ಬೇರಾವುದೋ ಮನೆಯದೆಂಬಂತೆ ಕಾಣುತ್ತದೆ. ಅದೇ ಹೇಳಿಕೆಗಳನ್ನಿಟ್ಟುಕೊಂಡು ಅನುಭವವನ್ನು ಮಾತ್ರ ಕೇಳುವ, ಕ್ರೋನಿನ್ ಮತ್ತು ಟೇಲರ್ 1992ರಲ್ಲಿ ಮುಂದಿಟ್ಟ ಸರ್ವ್‌ಪರ್ಫ್ ಶ್ರಮವನ್ನು ಅರ್ಧಕ್ಕಿಳಿಸುತ್ತದೆ. ಪ್ರಶ್ನೆಗಳು ಮಾತ್ರ ಎಲ್ಲರಿಗೂ ಒಂದೇ.

ಮೂರನೆಯದು ನಾವೇ ಮಾಡಿಕೊಂಡ ಒಪ್ಪಿಗೆ ಪುಸ್ತಕ. ಮುಂಗಡ ಪಡೆಯುವ ದಿನವೇ ಗ್ರಾಹಕರು ತಮಗೆ ಮುಖ್ಯವೆನ್ನುವ ಐದು ಸಂಗತಿಗಳನ್ನು ಅವರದೇ ಮಾತಿನಲ್ಲಿ ಬರೆದು, ಪ್ರತಿ ಬದಲಾವಣೆಯನ್ನು ದಿನಾಂಕದೊಂದಿಗೆ ಸೇರಿಸಿ, ನಕ್ಷೆ, ಮರಗೆಲಸ ಮತ್ತು ಕೀಲಿಕೈ ಒಪ್ಪಿಸುವ ಹಂತಗಳಲ್ಲಿ ಅವರಿಂದಲೇ ಗುರುತು ಹಾಕಿಸುತ್ತೇವೆ. ಕೊನೆಯ ಗುರುತು ಮೊದಲ ಮಳೆಗಾಲ ಕಳೆದ ಮೇಲೆ, ಏಕೆಂದರೆ ಕರಾವಳಿಯ ತೇವದಲ್ಲಿ ಪ್ಲೈವುಡ್ ಉಬ್ಬಿದೆಯೇ, ಕಪಾಟಿನ ಹಿಂಬದಿಗೆ ಬೂಷ್ಟು ಹಿಡಿದಿದೆಯೇ ಎಂಬುದು ಅದಕ್ಕೂ ಮೊದಲು ತಿಳಿಯುವುದಿಲ್ಲ. ಇದಕ್ಕೆ ಸಮಯ ಬಹಳ ಬೇಕು. ಮನೆಮನೆಗಳ ನಡುವಿನ ಹೋಲಿಕೆಯೂ ಇದರಿಂದ ಸಾಧ್ಯವಿಲ್ಲ.

ಆದ್ದರಿಂದ ಪ್ರತಿ ಮನೆಗೆ ಪುಸ್ತಕವನ್ನೂ, ವರ್ಷಕ್ಕೊಮ್ಮೆ ಇಡೀ ಸಂಸ್ಥೆಯ ಸ್ಥಿತಿ ತಿಳಿಯಲು ಸರ್ವ್‌ಪರ್ಫನ್ನೂ ಉಳಿಸಿಕೊಂಡಿದ್ದೇನೆ. ಆ ಪ್ರಶ್ನೆಗಳನ್ನು ಈಗ ನಾನು ಕೇಳುವುದಿಲ್ಲ; ಕೆಲಸದ ಅವಧಿಯಲ್ಲಿ ಗ್ರಾಹಕರ ಮುಖವನ್ನೇ ನೋಡಿರದ ನಮ್ಮ ಲೆಕ್ಕಪತ್ರದವರು ಕೇಳುತ್ತಾರೆ.