ಹಾರ್ನ್‌ವರ್ಟ್ ಆರ್ಡರ್ ಮಾಡುವ ಮುಂಚೆ ಇದನ್ನು ಓದಿ

ಬಿ.ಎಸ್‌ಸಿ. ಸಸ್ಯಶಾಸ್ತ್ರ ಕಲಿಸುವವರು, ಕಲಿಯುವವರು ದಯವಿಟ್ಟು ಗಮನಿಸಿ. ಪ್ರಾಕ್ಟಿಕಲ್ಸ್‌ಗೆ ಆನ್‌ಲೈನಿನಲ್ಲಿ ಹಾರ್ನ್‌ವರ್ಟ್ ತರಿಸುವಾಗ ಹುಷಾರು, ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳಿವೆ. ಮಂಡ್ಯದಲ್ಲಿ ನಮಗೆ ಸರಿಯಾಗಿ ಟೋಪಿ ಹಾಕಿದರು.

ನಮಗೆ ಬೇಕಿದ್ದದ್ದು ಅವುಗಳಲ್ಲಿ ಆಂಥೊಸೆರಾಸ್ ಅನ್ನುವುದು. ಆರ್ಡರಿನಲ್ಲಿ ಆ ಹೆಸರನ್ನೇ ಬರೆದಿದ್ದೆವು. ಮಾರುವವರು ಹಾಕಿದ್ದ ಫೋಟೊದಲ್ಲೂ ಅದೇ ಇತ್ತು: ಒದ್ದೆ ಮಣ್ಣಿಗೆ ಅಂಟಿಕೊಂಡ ಹಸಿರು ಹಾಳೆ, ಅದರ ಮೇಲೆ ನೆಟ್ಟಗೆ ನಿಂತ ಸಣ್ಣ ಕೊಂಬುಗಳು. ಪೂರ್ತಿ ದುಡ್ಡು ಮೊದಲೇ ಕೇಳಿದರು, ಕಳಿಸಿದೆವು. ಬಾಕ್ಸ್ ಬಿಚ್ಚಿದರೆ ನೀರು ತುಂಬಿದ ಪ್ಲಾಸ್ಟಿಕ್ ಕವರು. ಒಳಗೆ ಮೀನಿನ ತೊಟ್ಟಿಗೆ ಬಿಡುವ ಸೆರಟೊಫಿಲಂ! ನರಿಬಾಲದ ಹಾಗಿರುವ ಗಿಡ. ಕಾಂಡದ ಸುತ್ತ ಸುತ್ತು ಸುತ್ತಾಗಿ ಎಲೆ, ಪ್ರತಿ ಎಲೆಯೂ ಕವಲೊಡೆದಿತ್ತು, ಬೆರಳಲ್ಲಿ ಸವರಿದರೆ ಒರಟು.

ಫೋನ್ ಮಾಡಿದರೆ, "ಎರಡಕ್ಕೂ ಅದೇ ಹೆಸರು ಸಾರ್, ರಿಟರ್ನ್ ಇಲ್ಲ" ಅಂದುಬಿಟ್ಟರು. ಹೆಸರೇನೋ ಒಂದೇ, ನಿಜ. ನಮ್ಮ ಕಡೆ ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ನೀರು ಬ್ರಾಹ್ಮಿಗೂ ಹಾಗೇ ಅನ್ನುತ್ತಾರೆ. ಆದರೆ ಈ ಎರಡು ಹಾರ್ನ್‌ವರ್ಟ್‌ಗಳಿಗೆ ಹತ್ತಿರದ ನಂಟೇ ಇಲ್ಲ. ಆಂಥೊಸೆರಾಸ್ ಹಾವಸೆ ಸಸ್ಯಗಳ ಗುಂಪಿನದು. ಹೂವಿಲ್ಲ, ಬೀಜವಿಲ್ಲ. ಕೊಂಬು ಬಲಿತ ಮೇಲೆ ತುದಿಯಿಂದ ಎರಡು ಸೀಳಾಗಿ ಸ್ಪೋರುಗಳು (ಬೀಜಕಣಗಳು) ಉದುರುತ್ತವೆ. ಸೆರಟೊಫಿಲಂ ನೀರೊಳಗೇ ಹೂಬಿಡುವ ಗಿಡ.

ನಷ್ಟವಾಗಿದ್ದು ಮಕ್ಕಳಿಗೆ. ಆಂಥೊಸೆರಾಸ್‌ನ ಒಂದೊಂದು ಜೀವಕೋಶದಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಕ್ಲೋರೋಪ್ಲಾಸ್ಟ್ (ಆಹಾರ ತಯಾರಿಸುವ ಹಸಿರು ಕಣ) ಇರುತ್ತದೆ. ಹಾಳೆಯೊಳಗೆ ನಾಸ್ಟಾಕ್ ಅನ್ನುವ ನೀಲಿ-ಹಸಿರು ಪಾಚಿ ಕಪ್ಪು ಚುಕ್ಕೆಗಳ ಹಾಗೆ ಮನೆ ಮಾಡಿಕೊಂಡಿರುತ್ತದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡೋಣ ಅಂತ ಕಾದಿದ್ದ ಹುಡುಗರು ಕೊನೆಗೆ ಪುಸ್ತಕದ ಚಿತ್ರ ನೋಡಿ ರೆಕಾರ್ಡ್ ಬರೆದರು. ದುಡ್ಡು ಹೋಗಿದ್ದಕ್ಕಿಂತ ಇದೇ ನನಗೆ ಜಾಸ್ತಿ ಬೇಜಾರು.

ಆದ್ದರಿಂದ ಸೈಂಟಿಫಿಕ್ ಹೆಸರು ಬರೆದರೆ ಸಾಕು ಅಂದುಕೊಳ್ಳಬೇಡಿ. ಪ್ಯಾಕ್ ಮಾಡುವ ಮುಂಚೆ ಅದೇ ಗಿಡದ ವಿಡಿಯೋ ಕೇಳಿ, ಮಣ್ಣೂ ಕೊಂಬೂ ಕಾಣಬೇಕು. ಕಳಿಸಲ್ಲ ಅಂದರೆ ಆ ವ್ಯವಹಾರವೇ ಬೇಡ. ದುಡ್ಡು ಪೂರ್ತಿ ಮುಂಗಡ ಕೊಡಬೇಡಿ. ಬಾಕ್ಸ್ ಬಿಚ್ಚುವಾಗ ನೀವೂ ವಿಡಿಯೋ ಮಾಡಿಟ್ಟುಕೊಳ್ಳಿ, ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಬೇಕಾಗುತ್ತದೆ. ಮಳೆಗಾಲವಾಗಿದ್ದರೆ ಮಲೆನಾಡಿನ ಒದ್ದೆ ದರೆಗಳ ಮೇಲೆ ಹುಡುಕುವುದೇ ಒಳ್ಳೆಯದು.

ಇನ್ನೊಂದು ಮಾತು. ಹೀಗೆ ಬಂದ ನೀರಿನ ಗಿಡವನ್ನು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೋ ಕೆರೆಗೋ ಸುಮ್ನೆ ಎಸೆಯಬೇಡಿ. ಅದಕ್ಕೆ ಬೇರು ಕೂಡ ಬೇಕಿಲ್ಲ, ಮುರಿದ ತುಂಡೇ ಹೊಸ ಗಿಡವಾಗುತ್ತದೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.